ಕೈಗೆ ಬರುವ ಕೆಲಸ, ಬರಹಕ್ಕೆ ಬಾರದು

ಸಂಪಾದಕರೇ,

ವೃತ್ತಿ ಶಿಕ್ಷಣದ ವಿದ್ಯಾರ್ಥಿಗಳಿಗೆ ನಾನು ಇಂಗ್ಲಿಷ್ ಕಲಿಸುತ್ತೇನೆ. ಪಂಪ್ ಬಿಚ್ಚಿ ಜೋಡಿಸುವುದರಲ್ಲಿ ಅವರ ಕೈ ಬಹಳ ಚುರುಕು. ಅದೇ ಕೆಲಸವನ್ನು ಇಂಗ್ಲಿಷಿನಲ್ಲಿ ಹಂತ ಹಂತವಾಗಿ ಬರೆಯಿರಿ ಎಂದರೆ ಪೆನ್ನು ನಿಂತುಬಿಡುತ್ತದೆ.

ತಪ್ಪು ಬರೀ ಸ್ಪೆಲಿಂಗಿನದಲ್ಲ. ‘ಓಪನ್ ದಿ ಕವರ್’ ಎಂದು ನೇರವಾಗಿ ಹೇಳುವ ಬದಲು ‘ಐ ಓಪನ್ಡ್ ದಿ ಕವರ್’ ಎಂದು ನಡೆದ ಕಥೆ ಬರೆಯುತ್ತಾರೆ. ಒಂದೇ ವಾಕ್ಯಕ್ಕೆ ಮೂರು ಕೆಲಸ ತುರುಕುತ್ತಾರೆ. ಇದಕ್ಕಿಂತ ಜಾಸ್ತಿ ಭಯವಾಗುವುದು ಎಚ್ಚರಿಕೆಯ ಮಾತು ಕೊನೆಯಲ್ಲಿ ಬಂದಾಗ. ಕವರ್ ತೆಗೆದು ಕೈ ಹಾಕಿದ ಮೇಲೆ ‘ಮೊದಲು ಕರೆಂಟ್ ಆಫ್ ಮಾಡಿ’ ಎಂದು ಓದಿದರೆ ಏನು ಪ್ರಯೋಜನ, ಅಲ್ವಾ?

ಸುಮ್ನೆ ವ್ಯಾಕರಣ ಬಾಯಿಪಾಠ ಮಾಡಿಸಿದರೆ ಇದು ಸರಿಹೋಗುವುದಿಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರಿಗೆ ಕೊಟ್ಟು, ಇದರಲ್ಲಿ ಇದ್ದಷ್ಟೇ ಮಾಡಿ ಎನ್ನಬೇಕು. ಎಲ್ಲಿ ಕೈ ತಡೆಯುತ್ತದೋ ಅಲ್ಲೇ ಬರಹದ ಕೊರತೆ. ನನ್ನ ತರಗತಿಯಲ್ಲಿ ಒಬ್ಬಳು ನಟ್ಟನ್ನು ‘ಚೆನ್ನಾಗಿ’ ಬಿಗಿ ಮಾಡಿ ಎಂದು ಬರೆದಿದ್ದಳು. ಗೆಳತಿ ‘ಚೆನ್ನಾಗಿ ಅಂದರೆ ಎಷ್ಟು?’ ಎಂದು ಕೇಳಿದಳು. ಬರೆದವಳು ತಕ್ಷಣ ತಾನೇ ಅಳತೆ ಹುಡುಕಿ ಸೇರಿಸಿದಳು.

ಪರೀಕ್ಷೆಯಲ್ಲೂ ಪ್ರಬಂಧದ ಜಾಗದಲ್ಲಿ ಇಂಥದೊಂದು ಬರಹ ಕೇಳಲಿ. ವರ್ಕ್‌ಶಾಪ್ ಮೇಷ್ಟ್ರು, ಇಂಗ್ಲಿಷ್ ಮೇಷ್ಟ್ರು ಇಬ್ಬರೂ ಕೂತು ಅಂಕ ಕೊಡಲಿ.

– ಒಬ್ಬ ಶಿಕ್ಷಕಿ