ಭಾನುವಾರ ಅಸ್ಸಾಯೆ ರೋಡಿನ ಕಡೆ

ಎಲ್ಲರಿಗೂ ನಮಸ್ಕಾರ. ಈ ವಾರದ ನಡಿಗೆ ಹಲಸೂರು ಕೆರೆ ಹತ್ತಿರದ ಅಸ್ಸಾಯೆ ರೋಡಿನಲ್ಲಿ. ಅಸ್ಸಾಯೆ ಯಾರೋ ಬ್ರಿಟಿಷ್ ದೊರೆಯಲ್ಲ, ಮಹಾರಾಷ್ಟ್ರದ ಜಾಲ್ನಾ ಕಡೆಯ ಪುಟ್ಟ ಹಳ್ಳಿ. 1803ರ ಸೆಪ್ಟೆಂಬರ್ 23ರಂದು ಅಲ್ಲಿ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯ ಪಡೆ ಮರಾಠರನ್ನು ಸೋಲಿಸಿತು. ಯುದ್ಧಕ್ಕೆ ಮುಂಚೆ, ಅಡ್ಡವಿದ್ದ ಹೊಳೆ ದಾಟಲು ಜಾಗವೇ ಇಲ್ಲ ಅಂದರಂತೆ ದಾರಿ ತೋರಿಸುವವರು. ಎರಡೂ ದಡದಲ್ಲಿ ಎದುರುಬದುರು ಊರುಗಳಿವೆ, ಜನ ಓಡಾಡದೆ ಇರ್ತಾರಾ ಎಂದು ವೆಲ್ಲೆಸ್ಲಿ ಲೆಕ್ಕ ಹಾಕಿದ. ದಾಟುವ ಜಾಗ ಸಿಕ್ಕಿತು! ಸೇನೆಗೆ ದಾರಿ ಮಾಡಿಕೊಡುತ್ತಿದ್ದ ಮದ್ರಾಸ್ ಪಯೋನಿಯರ್‌ಗಳೂ ಆ ಯುದ್ಧದಲ್ಲಿದ್ದರು. ಅವರ ಪರಂಪರೆಯ ಮದ್ರಾಸ್ ಸ್ಯಾಪರ್ಸ್ (ಸೇನೆಯ ಎಂಜಿನಿಯರ್ ಪಡೆ) ಕೇಂದ್ರ ಈಗ ಕೆರೆ ಪಕ್ಕದಲ್ಲೇ ಇದೆ.

ಬೆಳಿಗ್ಗೆ 6:30ಕ್ಕೆ ಕೆರೆ ಗೇಟ್ ಬಳಿ ಸೇರೋಣ. ಸೇನೆಯ ಜಾಗದ ಫೋಟೋ ಮಾತ್ರ ಬೇಡ. ಬರುವವರು ಇಲ್ಲೇ ಹೆಸರು ಹಾಕಿ.