ಕಡಲೆ ಕಾಸರಗೋಡಿನಲ್ಲಿ, ಸಾಸಿವೆ ಬೆಂಗಳೂರಿನಲ್ಲಿ

ಮಾನ್ಯರೆ,

ಶಾಸ್ತ್ರೋತ್ಸವ (ಕೇರಳದ ಶಾಲಾ ವಿಜ್ಞಾನ ಮೇಳ) ಹತ್ತಿರವಾದರೆ ನಮ್ಮ ಜಿಲ್ಲೆಯ ಕನ್ನಡ ಶಾಲೆಗಳಲ್ಲಿ ಥರ್ಮೋಕೋಲ್ ಉಂಡೆಗಳಿಗೆ ಬಣ್ಣ ಬಳಿಯುವ ಕೆಲಸ ಶುರು. ಮೇಜಿನ ಮೇಲೆ ಸೂರ್ಯ, ಒಂದು ಗೇಣು ಬಿಟ್ಟು ಲುಬ್ಧಕ (ಸಿರಿಯಸ್) ನಕ್ಷತ್ರ, ಪಕ್ಕದಲ್ಲೇ ಆರ್ದ್ರಾ (ಬೆಟೆಲ್‌ಗ್ಯೂಸ್) ನಕ್ಷತ್ರ. ಗಾತ್ರಕ್ಕೇನೋ ಒಂದು ಅಳತೆ ಇರುತ್ತದೆ, ದೂರಕ್ಕೆ ಅದೂ ಇಲ್ಲ. ಮಾದರಿ ಕೆಡುವುದು ಇಲ್ಲೇ.

ಸೂರ್ಯನಿಗೆ ಒಂದು ಸೆಂ.ಮೀ. ದಪ್ಪದ ಕಾಬೂಲಿ ಕಡಲೆ ಇಡಿ. ಸೂರ್ಯನ ನಿಜವಾದ ವ್ಯಾಸ ಸುಮಾರು 13.9 ಲಕ್ಷ ಕಿ.ಮೀ. ಆಗ ಭೂಮಿ ಅಕ್ಕಿಹಿಟ್ಟಿನ ಒಂದು ಕಣ. ಅದರ ಜಾಗ ಕಡಲೆಯಿಂದ 107 ಸೆಂ.ಮೀ. ದೂರ. ನೆಪ್ಚೂನ್ 32 ಮೀಟರ್ ಆಚೆ, ಶಾಲೆಯ ಅಂಗಳದಲ್ಲಿ ಹಿಡಿಸೀತು. ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ 4.24 ಜ್ಯೋತಿರ್ವರ್ಷ ದೂರದಲ್ಲಿದೆ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ). ಅದಕ್ಕೆ ಒಂದು ಸಾಸಿವೆ ಕಾಳು ಸಾಕು, ಆದರೆ ಇಡಬೇಕಾದ್ದು ಸುಮಾರು 288 ಕಿ.ಮೀ. ಆಚೆ. ಕಡಲೆ ಕಾಸರಗೋಡಿನಲ್ಲಿದ್ದರೆ ಸಾಸಿವೆ ಬೆಂಗಳೂರಿನಲ್ಲಿ. ಘಾಟಿ ರಸ್ತೆಯ ಲೆಕ್ಕವಲ್ಲ, ಭೂಪಟದ ಮೇಲೆ ನೇರ ಗೆರೆ ಎಳೆದ ಲೆಕ್ಕ.

ಆರ್ದ್ರಾ ಎಂದರೆ ತಿಳಿಯದ ಮಕ್ಕಳಿಗೆ ಮಲಯಾಳದ ತಿರುವಾದಿರ ಎಂದರೆ ಸಾಕು. ಇದೇ ಅಳತೆಯಲ್ಲಿ ಅದು ಅಡ್ಡಕ್ಕೆ ಸುಮಾರು ಏಳು ಮೀಟರ್. ಉಂಡೆ ಮಾಡಲು ಹೋಗಬೇಡಿ. ಗೂಟಕ್ಕೆ ಮೂರೂವರೆ ಮೀಟರ್ ಹಗ್ಗ ಕಟ್ಟಿ, ಸುಣ್ಣದ ಪುಡಿಯಿಂದ ಅಂಗಳದಲ್ಲಿ ವೃತ್ತ ಎಳೆಯಿರಿ. ಹಗ್ಗ ಸಡಿಲಾದರೆ ವೃತ್ತ ಮೊಟ್ಟೆಯಾಗುತ್ತದೆ, ಬಿಗಿ ಹಿಡಿದೇ ಸುತ್ತಬೇಕು. ಗೂಟ ಕಿತ್ತು ಆ ಜಾಗದಲ್ಲಿ ಕಡಲೆ ಇಟ್ಟು ನೋಡಿ: ಭೂಮಿಯ ಕಕ್ಷೆ, ಮಂಗಳನ ಕಕ್ಷೆ ಎರಡೂ ವೃತ್ತದೊಳಗೇ ಬರುತ್ತವೆ. ಒಳಗೆ ಬಣ್ಣ ಮಾತ್ರ ತುಂಬಬೇಡಿ. ಅಷ್ಟು ದೊಡ್ಡ ಒಡಲಿನ ಸರಾಸರಿ ಸಾಂದ್ರತೆ ನಾವು ಉಸಿರಾಡುವ ಗಾಳಿಗಿಂತ ಸಾವಿರಾರು ಪಟ್ಟು ಕಡಿಮೆ. ಲುಬ್ಧಕದ ಜೊತೆಗಾರ ಶ್ವೇತಕುಬ್ಜ (ಇಂಧನ ಮುಗಿದು ಕುಗ್ಗಿದ ನಕ್ಷತ್ರದ ತಿರುಳು) ಇದಕ್ಕೆ ತದ್ವಿರುದ್ಧ: ಗಾತ್ರ ಹಿಟ್ಟಿನ ಕಣದಷ್ಟು, ತೂಕ ಹೆಚ್ಚುಕಡಿಮೆ ಇಡೀ ಕಡಲೆಯದು, ಅಂದರೆ ಸೂರ್ಯನದು.

ಇನ್ನು ಬಣ್ಣ. ನೀಲಿ ಎಂದರೆ ತಂಪು ಎಂದುಕೊಂಡು ಬಳಿದ ಮಾದರಿಗಳೇ ಹೆಚ್ಚು. ಕುಲುಮೆಯ ಕಬ್ಬಿಣ ಮೊದಲು ಕೆಂಪಾಗುತ್ತದೆ, ಇನ್ನೂ ಕಾದರೆ ಬೆಳ್ಳಗಾಗುತ್ತದೆ; ನಕ್ಷತ್ರದ್ದೂ ಅದೇ ಕ್ರಮ. ಕೆಂಪು ಆರ್ದ್ರಾದ ಮೇಲ್ಮೈ ಸುಮಾರು 3,500 ಕೆಲ್ವಿನ್, ಸೂರ್ಯನದು 5,800, ನೀಲಿಬಿಳಿ ಲುಬ್ಧಕದ್ದು 10,000ದ ಹತ್ತಿರ. ಚಾರ್ಟಿನಲ್ಲಿ ‘ಉರಿಯುವ ಬೆಂಕಿಯುಂಡೆ’ ಎಂದು ಬರೆಯುವುದೂ ತಪ್ಪು. ಬೆಂಕಿಗೆ ಆಮ್ಲಜನಕ ಬೇಕು. ಸೂರ್ಯನ ಗರ್ಭದಲ್ಲಿ ನಡೆಯುವುದು ಬೈಜಿಕ ಸಮ್ಮಿಲನ, ಅಂದರೆ ಪರಮಾಣು ಬೀಜಗಳು ಒಂದರೊಡನೊಂದು ಬೆಸೆಯುವುದು. ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಜಲಜನಕ ಅಲ್ಲಿ ಹೀಲಿಯಂ ಆಗುತ್ತದೆ.

ತೀರ್ಪುಗಾರರು ಅಂಕ ಹಾಕುವ ಮೊದಲು ಮಕ್ಕಳನ್ನು ಇಷ್ಟು ಕೇಳಲಿ: ಈ ಮೇಜಿನ ಮೇಲೆ ಒಂದು ಸೆಂ.ಮೀ. ಅಂದರೆ ಎಷ್ಟು ಕಿಲೋಮೀಟರ್?

– ಇಬ್ಬರು ಭೌತಶಾಸ್ತ್ರ ಅಧ್ಯಾಪಕರು, ಕುಂಬಳೆ