ಪೀಪ್ ಸೈಟ್ ದುರ್ಬೀನಲ್ಲ

ಮಾನ್ಯ ಸಂಪಾದಕರೇ,

ಕೊಡಗಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಈಚೆಗೆ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಅದರಲ್ಲಿ ರೈಫಲ್ಲಿನಿಂದ ಗುರಿ ಹಿಡಿಯಲು ಬಳಸುವ ತೂತಿನ ಸಾಧನವಾದ ಪೀಪ್ ಸೈಟನ್ನು ದುರ್ಬೀನಿನ ಸಾಲಿಗೇ ಸೇರಿಸಿ, ತೂತು ಸಣ್ಣದಾದಷ್ಟೂ ಗುರಿ ನಿಖರವಾಗುತ್ತದೆ ಎಂದೂ ಬರೆಯಲಾಗಿದೆ. ಮೊದಲನೆಯದು ತಪ್ಪು, ಎರಡನೆಯದು ಅರ್ಧ ಸತ್ಯ. ಕಳೆದ ಕೈಲ್ ಮುಹೂರ್ತದಲ್ಲಿ (ಕೊಡಗಿನ ಆಯುಧಪೂಜೆಯ ಹಬ್ಬ), ದುರ್ಬೀನಿಗೆ ಅವಕಾಶವಿಲ್ಲವೆಂದು ಸಮೀಪದ ಊರೊಂದರ ಮೈದಾನದಿಂದ ನನ್ನ .22 ರೈಫಲ್ಲನ್ನು ವಾಪಸು ಕಳುಹಿಸಿದ್ದು ಈ ಮೊದಲನೆಯ ತಪ್ಪಿನಿಂದಲೇ. ಇದರಲ್ಲಿ ಗಾಜೇ ಇಲ್ಲವೆಂದು ತೂತಿನೊಳಗೆ ಬೆಂಕಿಕಡ್ಡಿಯನ್ನು ಈ ಕಡೆಯಿಂದ ಆ ಕಡೆಗೆ ತೂರಿಸಿ ತೋರಿಸಿದರೂ ಸಂಘಟಕರು ಒಪ್ಪಲಿಲ್ಲ.

ಪೀಪ್ ಸೈಟ್ ಎಂದರೆ ನಡುವೆ ತೂತಿರುವ ಲೋಹದ ಬಿಲ್ಲೆ, ಅಷ್ಟೇ. ಅದು ಯಾವುದನ್ನೂ ದೊಡ್ಡದು ಮಾಡಿ ತೋರಿಸುವುದಿಲ್ಲ. ಸಾಮಾನ್ಯ ರೈಫಲ್ಲಿನಲ್ಲಿ ನಳಿಗೆಯ ಮೇಲೆ ಹಿಂದಿನ ಸೈಟಾಗಿರುವ ಕಚ್ಚು, ತುದಿಯಲ್ಲಿರುವ ಮುಂದಿನ ಸೈಟ್ ಮತ್ತು ಗುರಿ, ಹೀಗೆ ಮೂರು ದೂರಗಳಲ್ಲಿರುವ ಮೂರನ್ನು ಕಣ್ಣು ಒಂದೇ ಸಾಲಿಗೆ ತರಬೇಕು. ಎಳೆಯ ಕಣ್ಣು ಇದನ್ನು ಹೇಗೋ ನಿಭಾಯಿಸುತ್ತದೆ. ನಲವತ್ತು ದಾಟಿದ ಮೇಲೆ ಹತ್ತಿರದ ಕಚ್ಚು ಮಂಜಾಗತೊಡಗುತ್ತದೆ. ಪೀಪ್ ಸೈಟ್ ಇರುವುದು ಕಣ್ಣಿಗೆ ತೀರ ಹತ್ತಿರದಲ್ಲಿ, ಅದನ್ನು ನೋಡಬೇಕಾಗಿಯೇ ಇಲ್ಲ, ಅದರ ಮೂಲಕ ನೋಡಿದರೆ ಸಾಕು. ಉಂಗುರದ ನಡುವನ್ನು ಕಣ್ಣು ತಾನಾಗಿಯೇ ಹುಡುಕಿಕೊಳ್ಳುತ್ತದೆ, ಶೂಟರ್ ಮುಂದಿನ ಸೈಟನ್ನು ಗುರಿಯ ಮೇಲಿಟ್ಟರೆ ಆಯಿತು. ಸೇನೆಯಲ್ಲಿ ನಮಗೆ ಕೊಟ್ಟಿದ್ದ ರೈಫಲ್ಲಾದ 7.62 ಎಸ್ಎಲ್ಆರ್‌ನ ಹಿಂದಿನ ಸೈಟೂ ಇಂಥ ತೂತೇ ಆಗಿತ್ತು. ಅದರಲ್ಲಿ 'ಶಿಸ್ತ್', ಅಂದರೆ ಗುರಿ, ಹಿಡಿಯಲು ಕಲಿಸುವಾಗ, ಹೊಸಬರು ತೂತಿನ ಅಂಚನ್ನು ಅಳೆಯುತ್ತ ಕೂತರೆ ಉಸ್ತಾದರು ಬೈಯುತ್ತಿದ್ದರು.

ಇದರಲ್ಲಿ ಮಂತ್ರವೇನೂ ಇಲ್ಲ ಎನ್ನುವುದಕ್ಕೆ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಓದುವ ಕನ್ನಡಕವಿರುವವರು ಅದನ್ನು ತೆಗೆದಿಟ್ಟು, ದಪ್ಪ ಕಾಗದಕ್ಕೆ ಸೂಜಿಯಿಂದ ಒಂದು ತೂತು ಮಾಡಿ, ಒಳ್ಳೆಯ ಬೆಳಕಿನಲ್ಲಿ ಅದನ್ನು ಕಣ್ಣಿಗೆ ಹಿಡಿದು ಈ ಪತ್ರವನ್ನೇ ನೋಡಲಿ. ಮಸುಕಾಗಿದ್ದ ಅಕ್ಷರಗಳು ಮೂಡಿ ಬರುತ್ತವೆ. ಆದರೆ ಪುಟ ಕಪ್ಪಗಾಗಿ ಕಾಣುವುದನ್ನೂ ಗಮನಿಸಬೇಕು. ತೂತು ಸಣ್ಣದಾದಷ್ಟೂ ಬೆಳಕೂ ಕಡಿಮೆ, ಲೇಖಕರು ಬಿಟ್ಟ ಉಳಿದರ್ಧ ಸತ್ಯ ಅದೇ.

ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಗುರಿ ಕದಲದು, ಬೆಳಕೂ ಬದಲಾಗದು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಆ ಸ್ಪರ್ಧೆಗೆ ಸುಮಾರು 1 ಮಿ.ಮೀ. ತೂತು ಸರಿ. ಬೇಟೆಯ ರೈಫಲ್ಲಿನ ಕತೆ ಬೇರೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ವಿಲಿಯಂ ಲೈಮನ್ 1879ರಲ್ಲಿ ಪೇಟೆಂಟ್ ಪಡೆದ ಸೈಟಿನ ಹೆಚ್ಚುಗಾರಿಕೆಯೇ ಅದರ ತೆಳುವಾದ ಅಂಚು ಮತ್ತು ದೊಡ್ಡ ತೂತು. ಅಲ್ಲಿ ಜಿಂಕೆ ಬೇಟೆ ಹೆಚ್ಚಾಗಿ ನಡೆಯುವುದು ಮುಂಜಾನೆ ಮತ್ತು ಮುಸ್ಸಂಜೆಯ ಮಬ್ಬಿನಲ್ಲಿ, ಮರಗಳ ನಡುವೆ. ಪ್ರಾಣಿ ಕಾಣಿಸಿ ಮರೆಯಾಗುವಷ್ಟರಲ್ಲಿ ಸಣ್ಣ ತೂತಿನಲ್ಲಿ ಕತ್ತಲೆಯಷ್ಟೇ ಕಂಡೀತು. ಅದಕ್ಕೇ ಬೇಟೆಗಾರರು ಸಣ್ಣ ತೂತಿರುವ ತಿರುಪಿನ ಬಿಲ್ಲೆಯನ್ನು ಸೈಟಿನಿಂದ ಬಿಚ್ಚಿ ಜೇಬಿಗೆ ಹಾಕಿಕೊಂಡು, ಉಳಿದ ದೊಡ್ಡ ಉಂಗುರದ ಮೂಲಕವೇ ಈಡು ಹೊಡೆಯುವುದುಂಟು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಬೇಟೆಯ ಕಾಲ ಮುಗಿಯಿತು, ಮುಗಿದದ್ದು ಒಳ್ಳೆಯದೇ ಆಯಿತು. ಆದರೆ ಮರದ ಮೇಲೆ, ಎಲೆಗಳ ನೆರಳಿನಲ್ಲಿ ಕಟ್ಟಿದ ತೆಂಗಿನಕಾಯಿ ಒಲಿಂಪಿಕ್ಸ್ ಗುರಿಗಿಂತ ಕಾಡಿನ ಜಿಂಕೆಗೇ ಹೆಚ್ಚು ಹತ್ತಿರ. ನಾನು ಮೊದಲು ಹಾಕಿಸಿದ್ದು ಅತಿ ಸಣ್ಣ ತೂತಿನ ಬಿಲ್ಲೆ. ಮೋಡ ಕವಿದ ಒಂದು ಮಧ್ಯಾಹ್ನ ಕಾಯಿ ಹೋಗಲಿ, ಮರವೇ ಕಾಣದೆ ನಗೆಪಾಟಲಿಗೀಡಾದೆ. ಈಗಿರುವುದು 3 ಮಿ.ಮೀ.ನದು.

ಪೀಪ್ ಸೈಟಿನಿಂದ ಅನುಕೂಲವೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಹಳೆಯ .303 ಲೀ ಎನ್‌ಫೀಲ್ಡ್‌ನ ಎರಡು ಮಾದರಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಅದು ತಿಳಿಯುತ್ತದೆ. ನಂಬರ್ 1 ಮಾರ್ಕ್ 3ರಲ್ಲಿ ಕಚ್ಚು ನಳಿಗೆಯ ಮೇಲಿದ್ದು, ಎರಡು ಸೈಟ್‌ಗಳ ನಡುವಿನ ಅಂತರ ಸುಮಾರು 19 ಇಂಚು. ನಂಬರ್ 4ರಲ್ಲಿ ತೂತಿನ ಸೈಟನ್ನು ಹಿಂದಕ್ಕೆ, ಕಣ್ಣಿನ ಹತ್ತಿರಕ್ಕೆ ತಂದದ್ದರಿಂದ ಅದು ಸುಮಾರು 28 ಇಂಚಾಯಿತು. ಮುಂದಿನ ಸೈಟ್ 1 ಮಿ.ಮೀ. ಪಕ್ಕಕ್ಕೆ ಸರಿದರೆ 50 ಮೀಟರ್ ದೂರದಲ್ಲಿ ಮೊದಲನೆಯದರ ಗುಂಡು 10 ಸೆಂ.ಮೀ.ಗೂ ಹೆಚ್ಚು ತಪ್ಪುತ್ತದೆ, ಎರಡನೆಯದರದು 7 ಸೆಂ.ಮೀ. ಸಿಪ್ಪೆ ಸುಲಿದ ಕಾಯಿಯ ಅಂಚು ಸವರುವುದಕ್ಕೂ ಬರಿಗೈಯಲ್ಲಿ ಮರಳುವುದಕ್ಕೂ ಇರುವ ವ್ಯತ್ಯಾಸ ಅಷ್ಟೇ ಇರಬಹುದು. ಆದರೆ ಉದ್ದ ನಳಿಗೆಯ ರೈಫಲ್ ತಂದವನಿಗೂ ಇದೇ ಬಗೆಯ ಅನುಕೂಲವಿದೆ, ಅವನನ್ನು ಯಾರೂ ವಾಪಸು ಕಳುಹಿಸುವುದಿಲ್ಲ.

ತೊಂದರೆಗಳೂ ಇವೆ. ಕೈಲ್ ಮುಹೂರ್ತ ಬರುವ ಸೆಪ್ಟೆಂಬರ್ 3ರ ಹೊತ್ತಿಗೆ ನಮ್ಮಲ್ಲಿ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ತುಂತುರಿನ ಒಂದು ಹನಿ ತೂತಿಗೆ ಅಡ್ಡಲಾಗಿ ಕೂತರೆ ಲೋಕವೆಲ್ಲ ಕಲಸಿಹೋಗುತ್ತದೆ, ಉಫ್ ಎಂದು ಊದಿ ಮತ್ತೆ ಕೆನ್ನೆಯಿಡಬೇಕು. ಮುಂದಿನ ಸೈಟಿನ ಹಿತ್ತಾಳೆಯ ಮಣಿಗೆ ಎಡದಿಂದ ಬಿಸಿಲು ಬಿದ್ದರೆ ಹೊಳೆಯುವ ಎಡಭಾಗವನ್ನೇ ಕಣ್ಣು ನಂಬಿ ಗುಂಡು ಬಲಕ್ಕೆ ಹೋಗುವ ಪೇಚು ಕಚ್ಚಿನ ಸೈಟಿನವರಿಗೆ ಇರುವಂತೆ ನಮಗೂ ಇದೆ. ನಾನಂತೂ ಕರ್ಪೂರ ಉರಿಸಿ ಅದಕ್ಕೆ ಮಸಿ ಹಿಡಿಸಿಕೊಂಡೇ ಹೋಗುತ್ತೇನೆ.

ಹಬ್ಬದ ಸ್ಪರ್ಧೆಗಳಲ್ಲಿ ದುರ್ಬೀನನ್ನು ನಿಷೇಧಿಸುವುದಕ್ಕೆ ನನ್ನ ಆಕ್ಷೇಪವಿಲ್ಲ. ಪೀಪ್ ಸೈಟೂ ಬೇಡವೆಂದು ಸಂಘಟಕರು ತೀರ್ಮಾನಿಸಿದರೆ ಅದಕ್ಕೂ ತಲೆಬಾಗುತ್ತೇನೆ. ಆದರೆ ಆ ಮಾತು ಕರಪತ್ರದಲ್ಲೇ, ಪ್ರವೇಶ ಶುಲ್ಕದ ಸಾಲಿನ ಪಕ್ಕದಲ್ಲೇ ಅಚ್ಚಾಗಿರಲಿ. ಅರವತ್ತು ದಾಟಿದ ನನ್ನಂಥವರು ಮಳೆಯಲ್ಲಿ ರೈಫಲ್ ಹೊತ್ತು ಮೈದಾನದವರೆಗೆ ನಡೆದು ಬರುವ ಮೊದಲೇ ಅದು ತಿಳಿಯಬೇಕು.

ಇಂತಿ,
ನಿವೃತ್ತ ಸುಬೇದಾರರೊಬ್ಬರು,
ಮಡಿಕೇರಿ ತಾಲ್ಲೂಕು